ಕಾಗದದ ಮೊದಲ ಸಾಲಿನಲ್ಲೇ ಕ್ಷೇಮ

‘ಇತ್ತ ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಕಾಗದ ಬರೆಯುವುದು.’ ಅರವತ್ತು ದಾಟಿದವರನ್ನು ಕೇಳಿ ನೋಡಿ, ಈ ಸಾಲು ಬಾಯಿಪಾಠ ಬರುತ್ತದೆ. ವಿಷಯ ಮಳೆಯದಿರಲಿ, ಎಮ್ಮೆ ಮಾರಿದ್ದಿರಲಿ, ಕ್ಷೇಮ ಮೊದಲು ಬರಬೇಕಿತ್ತು. ಇನ್ನೂ ಹಳೆಯ ಕಾಗದಗಳಲ್ಲಿ ‘ಉಭಯ ಕುಶಲೋಪರಿ ಸಾಂಪ್ರತ’ ಎಂದಿರುತ್ತಿತ್ತು. ಎರಡೂ ಕಡೆಯವರು ಕುಶಲ, ಇನ್ನು ಸದ್ಯದ ಸಮಾಚಾರ ಎಂದು ಅದರ ಅರ್ಥ. ಅರ್ಥ ಗೊತ್ತಿಲ್ಲದವರೂ ಅದನ್ನು ಬಿಡದೆ ಬರೆಯುತ್ತಿದ್ದರು. ಆ ಕಡೆಯವರು ಹೇಗಿದ್ದಾರೆಂದು ತಿಳಿಯುವ ಮೊದಲೇ ಅವರೂ ಚೆನ್ನಾಗಿದ್ದಾರೆ ಎಂದು ಬರೆದುಬಿಡುವುದು ನಮಗೆ ಬಹಳ ಇಷ್ಟವಾದ ಸಂಗತಿ.

ಇದು ಬರೀ ಶಿಷ್ಟಾಚಾರ ಆಗಿರಲಿಲ್ಲ. ನಮ್ಮ ದೇಶಕ್ಕೆ ಪೋಸ್ಟ್ ಕಾರ್ಡ್ ಬಂದದ್ದು 1879ರಲ್ಲಿ, ಬೆಲೆ ಕಾಲಾಣೆ. ಓದು ಬಾರದ ಮನೆಗಳಲ್ಲಿ ಅಂಚೆಯವರೋ ಮೇಷ್ಟ್ರೋ ಓದಿ ಹೇಳಬೇಕು. ಕಾಗದ ಬಂತು ಎಂದರೆ ಎದೆ ಡವಡವ. ಸಾವಿನ ಕಾಗದದಲ್ಲಿ ಮೇಲೆ ‘ಶ್ರೀ’ ಇರುತ್ತಿರಲಿಲ್ಲ, ಅದನ್ನು ಓದಿದವರು ಒಳಗೆ ತರದೆ ಹೊರಗೇ ಹರಿದು ಹಾಕುತ್ತಿದ್ದರು. ಹಾಗಾಗಿ ‘ಕ್ಷೇಮ’ ಎಂಬ ಪದ ಕಿವಿಗೆ ಬಿದ್ದ ಮೇಲೇ ಅಜ್ಜಿ ಕೂರುತ್ತಿದ್ದಳು, ಮುಂದಿನ ಸಾಲು ನಿಧಾನವಾಗಿ ಕೇಳುತ್ತಿದ್ದಳು.

ಒಳ್ಳೆಯ ಮಾತಿನಿಂದ ಶುರು ಮಾಡುವ ಅಭ್ಯಾಸ ಕಾಗದಕ್ಕಿಂತ ಬಹಳ ಹಳೆಯದು. ಬಾದಾಮಿಯ ಬಂಡೆಯ ಮೇಲಿರುವ ಒಂದನೇ ಪುಲಕೇಶಿಯ 543ರ ಶಾಸನ ‘ಸ್ವಸ್ತಿ’ ಎಂದೇ ಆರಂಭವಾಗುತ್ತದೆ. ಒಳ್ಳೆಯದಾಗಲಿ ಎಂದರ್ಥ. ನಿಮ್ಮೂರ ಗುಡಿಯ ಮುಂದೆ ಅಕ್ಷರ ಕೆತ್ತಿದ ಕಲ್ಲಿದ್ದರೆ ಅದರ ಮೊದಲಲ್ಲಿ ‘ಸ್ವಸ್ತಿ ಶ್ರೀ’, ಕೊನೆಯಲ್ಲಿ ‘ಮಂಗಳ ಮಹಾ ಶ್ರೀ’ ಇರಬಹುದು. ನಡುವೆ, ಕೊಟ್ಟ ಭೂಮಿಯನ್ನು ಕಿತ್ತುಕೊಂಡವನಿಗೆ ವಾರಣಾಸಿಯಲ್ಲಿ ಗೋವು ಕೊಂದ ಪಾಪ ತಟ್ಟಲಿ ಎಂಬ ಶಾಪವೂ ಇರುತ್ತದೆ! ಹರಸುವುದೂ ಶಪಿಸುವುದೂ ಒಂದೇ ಕಲ್ಲಿನಲ್ಲಿ.

ಕಾಗದಗಳಲ್ಲಿ ಕಿರಿಯರ ಹೆಸರಿನ ಹಿಂದೆ ‘ಚಿ.’ ಎಂದು ಬರೆಯುತ್ತಿದ್ದರು. ಚಿರಂಜೀವಿ, ಬಹುಕಾಲ ಬದುಕು ಎಂದು. ಈಗ ಅದು ಲಗ್ನಪತ್ರಿಕೆಯ ಅಲಂಕಾರದಂತೆ ಕಾಣುತ್ತದೆ. ಆದರೆ 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು, 1918ರಲ್ಲಿ ಇನ್‌ಫ್ಲುಯೆಂಜಾ ದೇಶವನ್ನೇ ಬಡಿಯಿತು. 1911ರಿಂದ 1921ರ ದಶಕದಲ್ಲಿ ಭಾರತೀಯರ ಸರಾಸರಿ ಆಯಸ್ಸು ಸುಮಾರು 20 ವರ್ಷ. ಹುಟ್ಟಿದ ಮಕ್ಕಳಲ್ಲಿ ಎಷ್ಟೋ ಕೂಸುಗಳು ತೊಟ್ಟಿಲಲ್ಲೇ ಹೋಗುತ್ತಿದ್ದವು, ಅದಕ್ಕೇ ಸರಾಸರಿ ಅಷ್ಟು ಕೆಳಗಿತ್ತು. ಅಂಥ ಕಾಲದಲ್ಲಿ ಮಗು ಸೀನಿದರೆ ‘ನೂರು ವರ್ಷ ಬಾಳು’ ಎಂದವರು ಸುಮ್ಮನೆ ಅಂದವರಲ್ಲ.

ಎಲ್ಲರಿಗೂ ಒಂದೇ ಹರಕೆ ಇರಲಿಲ್ಲ ಎಂಬುದನ್ನೂ ಹೇಳಬೇಕು. ಮದುವೆಯಾದ ಹೆಣ್ಣಿನ ಹೆಸರಿಗೆ ‘ಸೌ.’ ಸೇರುತ್ತಿತ್ತು, ಸೌಭಾಗ್ಯವತಿ ಎಂದು. ಗಂಡ ತೀರಿಹೋದರೆ ಮುಂದಿನ ಕಾಗದದಿಂದಲೇ ಅದು ಮಾಯ. ಕೆಲವು ಮನೆತನಗಳಲ್ಲಿ ಅದರ ಜಾಗಕ್ಕೆ ‘ಗಂ.ಭಾ.’ ಬರುತ್ತಿತ್ತು, ಗಂಗಾಭಾಗೀರಥಿ ಎಂದು. ಹೆಸರು ಪವಿತ್ರವೇ. ಆದರೆ ತವರಿಂದ ಬಂದ ಕಾರ್ಡಿನ ವಿಳಾಸ ನೋಡಿದ ಅಂಚೆಯವರಿಗೂ ಆಕೆಯ ಪಾಡು ತಿಳಿಯುತ್ತಿತ್ತು. ಗಂಡಸಿಗೆ ಹೆಂಡತಿ ಸತ್ತರೆ ಹೆಸರಿನ ಹಿಂದಿನ ಅಕ್ಷರ ಬದಲಾಗುತ್ತಿರಲಿಲ್ಲ.

ತಂತಿ ಎಂದರೂ ಹಳ್ಳಿಗಳಲ್ಲಿ ಭಯವೇ. ಆದರೆ ಶುಭಾಶಯಕ್ಕೂ ತಂತಿ ಕಳಿಸಬಹುದಿತ್ತು. ಅಂಚೆ ಕಚೇರಿಯಲ್ಲಿ ಹಾರೈಕೆಗಳ ಪಟ್ಟಿ ಇರುತ್ತಿತ್ತು, ಪ್ರತಿ ಹಾರೈಕೆಗೂ ಒಂದು ಸಂಖ್ಯೆ. ಮದುವೆಗೆ ಹೋಗಲು ಆಗದವರು 8 ಎಂದು ಬರೆದುಕೊಟ್ಟರೆ ಸಾಕು, ದೀರ್ಘವಾದ ಸುಖ ದಾಂಪತ್ಯದ ಹಾರೈಕೆ ಇಂಗ್ಲಿಷಿನಲ್ಲಿ ಆ ಕಡೆ ತಲುಪುತ್ತಿತ್ತು. ಈಗ ನಾವು ಫೋನಿನಲ್ಲಿ ಹೂವಿನ ಚಿತ್ರ ಒತ್ತಿ ಕಳಿಸುವುದಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. 2013ರ ಜುಲೈನಲ್ಲಿ ತಂತಿ ಸೇವೆ ನಿಂತಿತು.

ಹಿಂದೆ ಬಂದ ಕಾಗದಗಳನ್ನು ಕಂಬಿಗೆ ಚುಚ್ಚಿ ಗೋಡೆಗೆ ತೂಗುಹಾಕುತ್ತಿದ್ದರು. ನಿಮ್ಮ ಅಟ್ಟದಲ್ಲೋ ಟ್ರಂಕಿನಲ್ಲೋ ಅಂಥ ಕಟ್ಟು ಉಳಿದಿದ್ದರೆ ಹುಷಾರಾಗಿ ಬಿಡಿಸಿ, ಮನೆಯ ಹಿರಿಯರ ಪಕ್ಕದಲ್ಲಿ ಕೂತು ಓದಿ. ಆ ಕಂಬಿಯಲ್ಲಿ ಸಾವಿನ ಕಾಗದ ಸಿಗುವುದು ಅಪರೂಪ, ಕ್ಷೇಮದ ಕಾಗದಗಳೇ ಉಳಿದಿರುತ್ತವೆ.