ಮುಗ್ಗಲು ಹಿಡಿಯುವ ಮೂಗು

ಕಾಳು ಮುಗ್ಗಲು ಬಂದಿದ್ಯಾ ಅಂತ ನೋಡೋಕೆ ನಮ್ಮೂರಲ್ಲಿ ಒಂದು ಹಿಡಿ ಎತ್ತಿ ಮೂಸ್ತಾರೆ. ದೊಡ್ಡ ದೊಡ್ಡ ಗೋದಾಮುಗಳ ತಪಾಸಣೆಯೂ ಬಹುಕಾಲ ಮೂಗನ್ನೇ ನಂಬಿತ್ತು. ತೊಂದರೆ ಏನಂದ್ರೆ, ಬೂಷ್ಟು ಹಿಡಿದ ಕಾಳು ಮೂಸಿದವರ ಎದೆಯೊಳಗೆ ಅದರ ಕಣಗಳೂ ಹೋಗ್ತವೆ.

1982ರಲ್ಲಿ ಇಂಗ್ಲೆಂಡಿನ ವಾರ್ವಿಕ್ ವಿಶ್ವವಿದ್ಯಾಲಯದ ಕೃಷ್ಣ ಪರ್ಸಾಡ್ ಮತ್ತು ಜಾರ್ಜ್ ಡಾಡ್ ಮೂರು ಸೆನ್ಸರ್ ಜೋಡಿಸಿ ಒಂದು ಮಾದರಿ ಮೂಗು ಮಾಡಿದರು. ಬಿಸಿಯಾದ ತವರದ ಆಕ್ಸೈಡಿಗೆ ಆವಿ ತಾಗಿದರೆ ಅದರ ವಿದ್ಯುತ್ ರೋಧ ಬದಲಾಗುತ್ತದೆ. ಒಂದೇ ಸೆನ್ಸರ್ ವಾಸನೆ ಗುರುತಿಸಲಾರದು. ಮೂರರ ಉತ್ತರವನ್ನೂ ಒಟ್ಟಿಗೆ ನೋಡಿದರೆ ಗುರುತು ಸಿಗುತ್ತದೆ.

1996ರಲ್ಲಿ ಸ್ವೀಡನ್ನಿನ ಸಂಶೋಧಕರು ಇಂಥದೇ ಮೂಗಿಗೆ ಗೋಧಿ, ಬಾರ್ಲಿ, ಓಟ್ಸ್ ಕೊಟ್ಟು ನೋಡಿದರು. ಯಾವುದು ಒಳ್ಳೇದು, ಯಾವುದು ಮುಗ್ಗಲು ಅನ್ನೋ ಪಾಠ ಮಾತ್ರ ಮನುಷ್ಯರು ಮೂಸಿ ಹೇಳಿದ್ದೇ. ನಮ್ಮ ಆಫೀಸಿನ ಮಾತಲ್ಲಿ, ಟ್ರೈನಿಂಗ್ ಡೇಟಾ. ಯಂತ್ರ ಕಲಿಯೋಕೂ ಮೊದಲು ಯಾರೋ ಆ ಬೂಷ್ಟನ್ನು ಉಸಿರಾಡಲೇಬೇಕಾಯ್ತು.