ಬಿಟ್ಟುಕೊಟ್ಟೆ ಎಂಬ ಮಾತು

ಗೋಲಿಯಾಟ ಆಡಿ ಬೆಳೆದವರಿಗೆಲ್ಲ ಒಂದು ಸಂಗತಿ ಗೊತ್ತು. ಎದುರಾಳಿಯ ಗೋಲಿ ಕುಳಿಯ ಅಂಚಿನಲ್ಲಿ, ಬೆರಳು ಸೋಕಿಸಿದರೆ ಬೀಳುವಂತೆ ನಿಂತಿರುತ್ತದೆ. ‘ಹೋಗಲಿ, ಬಿತ್ತು ಅಂದುಕೋ’ ಎನ್ನುವ ಹುಡುಗನೂ ಉಂಟು. ‘ಊಹೂಂ, ಆಡಿಯೇ ತೋರಿಸು’ ಎಂದು ಪಟ್ಟು ಹಿಡಿಯುವವನೂ ಉಂಟು. ನಮ್ಮ ಬೀದಿಯಲ್ಲಿ ಅದು ಹುಡುಗರ ಮರ್ಜಿಗೆ ಬಿಟ್ಟ ವಿಷಯ. ಗಾಲ್ಫ್ ಆಟದಲ್ಲಿಯಾದರೋ ಅದಕ್ಕೆ ನಿಯಮದ ಪುಸ್ತಕದಲ್ಲಿಯೇ ಸ್ಥಾನವಿದೆ. ಎದುರುಬದುರಾಗಿ ನಿಂತು, ಒಂದೊಂದು ಕುಳಿಗೂ ಬೇರೆಯಾಗಿ ಗೆಲವು ಸೋಲುಗಳನ್ನು ಎಣಿಸುವ ‘ಮ್ಯಾಚ್ ಪ್ಲೇ’ ಎಂಬ ಬಗೆಯಲ್ಲಿ, ಎದುರಾಳಿಯ ಮುಂದಿನ ಹೊಡೆತ ಹೇಗೂ ಕುಳಿಗೆ ಬೀಳುವಂಥದು ಎಂದು ತೋರಿದರೆ ‘ಬಿಟ್ಟುಕೊಟ್ಟೆ’ ಎಂದುಬಿಡಬಹುದು. ಹಾಗೆಂದ ಮೇಲೆ ಆ ಹೊಡೆತ ಆಡಿದಂತೆಯೇ. ಕೊಟ್ಟವರು ಅದನ್ನು ಹಿಂದಕ್ಕೆ ಪಡೆಯುವಂತಿಲ್ಲ, ಪಡೆದವರು ಒಲ್ಲೆನೆನ್ನುವಂತಿಲ್ಲ.

ನಾನು ಗಾಲ್ಫ್ ಕೋಲನ್ನು ಕೈಯಲ್ಲಿ ಮುಟ್ಟಿಲ್ಲ. ಆದರೂ ಈ ಒಂದು ನಿಯಮ ನನ್ನನ್ನು ಬಹಳ ಕಾಲದಿಂದ ಕಾಡಿದೆ. ಆಟದಲ್ಲಿ ಔದಾರ್ಯವೆಂಬುದು ಸಾಮಾನ್ಯವಾಗಿ ನಿಯಮದ ಹೊರಗೆ ಇರುವಂಥದು. ಇಲ್ಲಿ ಅದು ನಿಯಮದ ಒಳಕ್ಕೆ ಬಂದು ಕುಳಿತಿದೆ. ಕುಳಿತಮೇಲೆ ಅದು ಔದಾರ್ಯವಾಗಿಯೇ ಉಳಿಯುವುದೇ ಎಂಬುದು ಪ್ರಶ್ನೆ.

ಗಂಡಸರ ಆಟದಲ್ಲಿ ಈ ಪ್ರಶ್ನೆಗೆ ಒಂದು ಪ್ರಸಿದ್ಧ ಉತ್ತರವುಂಟು. 1969ರಲ್ಲಿ ಇಂಗ್ಲೆಂಡಿನ ರಾಯಲ್ ಬರ್ಕ್‌ಡೇಲ್‌ನಲ್ಲಿ ನಡೆದ ರೈಡರ್ ಕಪ್ಪಿನ ಕಟ್ಟಕಡೆಯ ಕುಳಿಯಲ್ಲಿ, ಬ್ರಿಟನ್ನಿನ ಟೋನಿ ಜಾಕ್ಲಿನ್ ಆಡಬೇಕಾಗಿದ್ದ ಎರಡು ಮೂರು ಅಡಿಯ ಹೊಡೆತವನ್ನು ಅಮೆರಿಕದ ಜ್ಯಾಕ್ ನಿಕ್ಲಾಸ್ ಬಿಟ್ಟುಕೊಟ್ಟರು. ಇಡೀ ಸ್ಪರ್ಧೆ 16–16ರಲ್ಲಿ ಸಮವಾಯಿತು. ಅಮೆರಿಕ ತಂಡದ ನಾಯಕ ಸ್ಯಾಮ್ ಸ್ನೀಡ್‌ರಿಗೆ ಇದು ಸೊಗಸಲಿಲ್ಲ. ಲೋಕಕ್ಕೆ ಮಾತ್ರ ಸೊಗಸಿತು. ಅಂದಿನಿಂದ ಗಾಲ್ಫ್ ಪ್ರಿಯರು ಆ ಕಥೆಯನ್ನು ಹರಿಕಥೆಯಂತೆ ಹೇಳುತ್ತ ಬಂದಿದ್ದಾರೆ.

ಹೆಂಗಸರ ವೃತ್ತಿಪರ ಗಾಲ್ಫಿನಲ್ಲಿ ಇದೇ ಪ್ರಶ್ನೆ ಎದ್ದಾಗ ಉತ್ತರ ಅಷ್ಟು ಸಲೀಸಾಗಿ ಬರಲಿಲ್ಲ. ಅದನ್ನು ಹೇಳುವ ಮುನ್ನ ಸೋಲ್‌ಹೈಮ್ ಕಪ್ ಎಂಬ ಸ್ಪರ್ಧೆಯ ಹುಟ್ಟನ್ನು ಹೇಳಬೇಕು.

ಕಾರ್ಸ್ಟೆನ್ ಸೋಲ್‌ಹೈಮ್ 1911ರಲ್ಲಿ ನಾರ್ವೆಯ ಬರ್ಗೆನ್ನಿನಲ್ಲಿ ಹುಟ್ಟಿದವರು. ಮಗುವಾಗಿದ್ದಾಗಲೇ ಅಮೆರಿಕಕ್ಕೆ ಹೋದವರು. ತಂದೆ ಪಾದರಕ್ಷೆ ಹೊಲಿಯುವ ಕಸುಬಿನವರು. ಮಗ ಎಂಜಿನಿಯರಾಗಿ ಜನರಲ್ ಎಲೆಕ್ಟ್ರಿಕ್ ಕಂಪನಿ ಸೇರಿದರು. ನಲವತ್ತು ದಾಟಿದ ಮೇಲೆ ಗಾಲ್ಫ್ ಕಲಿತರು. ಚೆಂಡು ತಾನು ಹೇಳಿದಂತೆ ಕುಳಿಗೆ ಹೋಗದಿದ್ದುದಕ್ಕೆ ತನ್ನ ಕೈಯನ್ನು ದೂರದೆ ಕೋಲನ್ನು ದೂರಿದರು. ಎಲ್ಲರೂ ಮಾಡುವುದು ಅದನ್ನೇ. ಆದರೆ ಇವರು 1959ರಲ್ಲಿ ಮನೆಯ ಕಾರುಷೆಡ್ಡಿನಲ್ಲಿ ಕುಳಿತು ಹೊಸ ಕೋಲನ್ನೇ ಮಾಡಿದರು. ಅದು ಚೆಂಡಿಗೆ ತಗುಲಿದಾಗ ‘ಪಿಂಗ್’ ಎಂದಿತು. ಅದೇ ಅದರ ಹೆಸರಾಯಿತು. ನಮ್ಮ ವ್ಯಾಕರಣದ ಅನುಕರಣಶಬ್ದಕ್ಕೆ ಇದಕ್ಕಿಂತ ಲಾಭದಾಯಕವಾದ ಉದಾಹರಣೆ ನನಗೆ ಸಿಕ್ಕಿಲ್ಲ. 1966ರ ಇನ್ನೊಂದು ಕೋಲಿಗೆ ಅವರ ಮಡದಿ ‘ಉತ್ತರ’ ಎಂಬರ್ಥದ ಇಂಗ್ಲಿಷ್ ಪದವನ್ನು ಸೂಚಿಸಿದರಂತೆ. ಕೋಲಿನ ಮೇಲೆ ಅಷ್ಟು ಅಕ್ಷರಕ್ಕೆ ಜಾಗವಿಲ್ಲವೆನ್ನಲು, ಉಚ್ಚಾರದಲ್ಲಿ ಹೇಗೂ ಕೇಳಿಸದ ಒಂದು ಅಕ್ಷರವನ್ನು ತೆಗೆದುಹಾಕಿದರಂತೆ. ಲೋಪಸಂಧಿಯೆನ್ನೋಣವೇ!

ಈ ದಂಪತಿಗಳ ಕುಟುಂಬದ ಆಶ್ರಯದಲ್ಲಿ 1990ರಲ್ಲಿ ಫ್ಲಾರಿಡಾದ ಲೇಕ್ ನೋನಾದಲ್ಲಿ ಅಮೆರಿಕ ಮತ್ತು ಯೂರೋಪುಗಳ ವೃತ್ತಿಪರ ಮಹಿಳೆಯರು ಮೊದಲ ಸಲ ತಂಡಗಳಾಗಿ ಎದುರಾದರು. ಹೆಂಗಸರ ಆಟದಲ್ಲಿ ಇಂಥ ತಂಡದ ಪಂದ್ಯ ಅದೇ ಮೊದಲೇನೂ ಅಲ್ಲ. ಹವ್ಯಾಸಿ ಮಹಿಳೆಯರು ಕರ್ಟಿಸ್ ಕಪ್ಪಿಗಾಗಿ 1932ರಿಂದಲೇ ಆಡುತ್ತಿದ್ದರು. ಆಟವನ್ನೇ ಅನ್ನವಾಗಿ ಮಾಡಿಕೊಂಡವರಿಗೆ ಮಾತ್ರ ಇನ್ನೂ ಐವತ್ತೆಂಟು ವರ್ಷ ಕಾಯಬೇಕಾಯಿತು. ಮೊದಲ ಸಲ ಅಮೆರಿಕ 11½–4½ರಿಂದ ಗೆದ್ದಿತು. ಇದು ಏಕಪಕ್ಷೀಯ ಮದುವೆಯಾಯಿತೆಂದು ಜನ ಆಡಿಕೊಳ್ಳುವಷ್ಟರಲ್ಲಿ, 1992ರಲ್ಲಿ ಸ್ಕಾಟ್ಲೆಂಡಿನ ಡಾಲ್ಮಹಾಯ್‌ನಲ್ಲಿ ಯೂರೋಪು 11½–6½ರಿಂದ ತಿರುಗಿ ಹೊಡೆಯಿತು. ಅಲ್ಲಿಂದ ಮುಂದೆ ಪಂದ್ಯಕ್ಕೆ ಜೀವ ಬಂದಿತು. ಎರಡೇ ಖಂಡಗಳ ಈ ಜಗಳದಲ್ಲಿ ಉಳಿದ ಲೋಕಕ್ಕೆ ಪ್ರವೇಶವಿಲ್ಲವೆಂಬುದು ನನ್ನ ಒಂದು ಸಣ್ಣ ದೂರು. 2016ರಲ್ಲಿಯೇ ಯೂರೋಪಿನ ಮಹಿಳಾ ಟೂರಿನಲ್ಲಿ ಪ್ರಶಸ್ತಿ ಗೆದ್ದ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಸಹ ಇದನ್ನು ಹೊರಗೆ ನಿಂತು ನೋಡಬೇಕಾದವರೇ.

ಮೊದಲ ಕಣ್ಣೀರು 2000ದಲ್ಲಿ, ಲಾಕ್ ಲೋಮಂಡ್ ಸರೋವರದ ದಡದಲ್ಲಿ. ಇಬ್ಬಿಬ್ಬರು ಜೋಡಿಯಾಗಿ ಆಡುವ ಪಂದ್ಯ. ಹದಿಮೂರನೆಯ ಕುಳಿಯಲ್ಲಿ ಸ್ವೀಡನ್ನಿನ ಆನಿಕಾ ಸೊರೆನ್‌ಸ್ಟಾಮ್ ಗ್ರೀನಿನ ಹೊರಗಿನಿಂದ ಎತ್ತಿ ಹೊಡೆದ ಚೆಂಡು ನೆಟ್ಟಗೆ ಕುಳಿಗೆ ಬಿದ್ದಿತು. ಜನರ ಚಪ್ಪಾಳೆ ನಿಲ್ಲುವುದರೊಳಗಾಗಿ ಎದುರಾಳಿಗಳು ದೂರವನ್ನು ಅಳೆದು ನೋಡಿದರು. ಕುಳಿಯಿಂದ ಯಾರ ಚೆಂಡು ಹೆಚ್ಚು ದೂರವೋ ಅವರು ಮೊದಲು ಆಡಬೇಕು. ಸೊರೆನ್‌ಸ್ಟಾಮ್ ಸರದಿ ತಪ್ಪಿ ಆಡಿದ್ದರು. ಮ್ಯಾಚ್ ಪ್ಲೇಯಲ್ಲಿ ಅಂಥ ಹೊಡೆತವನ್ನು ರದ್ದು ಮಾಡಿಸುವ ಹಕ್ಕು ಎದುರಾಳಿಗೆ ಉಂಟು. ಅಮೆರಿಕದ ನಾಯಕಿ ಪ್ಯಾಟ್ ಬ್ರ್ಯಾಡ್ಲಿ ಆ ಹಕ್ಕಿನ ಪಕ್ಷ ನಿಂತರು. ಮತ್ತೆ ಆಡಿದ ಚೆಂಡು ಬೀಳಲಿಲ್ಲ. ಸೊರೆನ್‌ಸ್ಟಾಮ್ ಅತ್ತರು. ಆ ಪಂದ್ಯ ಅಮೆರಿಕದ ಪಾಲಾಯಿತು; ಕಪ್ಪು ಮಾತ್ರ 14½–11½ರಿಂದ ಯೂರೋಪಿನದಾಯಿತು.

ಎರಡನೆಯದು 2015ರ ಸೆಪ್ಟೆಂಬರಿನಲ್ಲಿ, ಜರ್ಮನಿಯ ಸಾಂಕ್ಟ್ ಲಿಯಾನ್–ರೋಟ್‌ನಲ್ಲಿ. ನಾನು ಹೇಳಹೊರಟದ್ದು ಮುಖ್ಯವಾಗಿ ಇದನ್ನೇ. ಯೂರೋಪಿನ ಪರವಾಗಿ ನಾರ್ವೆಯ ಸೂಸನ್ ಪೆಟರ್ಸನ್, ಇಂಗ್ಲೆಂಡಿನ ಚಾರ್ಲಿ ಹಲ್. ಅಮೆರಿಕದ ಪರವಾಗಿ ಬ್ರಿಟನಿ ಲಿನ್ಸಿಕಮ್, ಆಲಿಸನ್ ಲೀ. ಲೀಗೆ ಆಗ ಇಪ್ಪತ್ತು ವರ್ಷ. ಇದೇ ಮೊದಲ ಸೋಲ್‌ಹೈಮ್. ಹದಿನಾರು ಕುಳಿ ಮುಗಿದಾಗ ಸಮಸಮ. ಹದಿನೇಳನೆಯದರಲ್ಲಿ ಗೆಲ್ಲಲು ಲೀ ಹೊಡೆದ ಚೆಂಡು ಕುಳಿಯನ್ನು ದಾಟಿ ಸುಮಾರು ಒಂದೂವರೆ ಅಡಿ ಆಚೆ ನಿಂತಿತು. ಹಲ್ ಗ್ರೀನಿನಿಂದ ಆಚೆ ನಡೆಯತೊಡಗಿದ್ದರು, ಪೆಟರ್ಸನ್ನೂ ಹೊರಟಂತಿತ್ತು. ಬಿಟ್ಟುಕೊಟ್ಟರೆಂದೇ ತಿಳಿದು ಲೀ ಬಗ್ಗಿ ಚೆಂಡನ್ನು ಎತ್ತಿಕೊಂಡರು. ‘ನಾವು ಬಿಟ್ಟುಕೊಟ್ಟಿಲ್ಲ’ ಎಂದರು ಪೆಟರ್ಸನ್. ಕುಳಿ ಯೂರೋಪಿನದೆಂದು ತೀರ್ಪಾಯಿತು. ಹದಿನೆಂಟನೆಯದನ್ನೂ ಯೂರೋಪಿನವರೇ ಗೆದ್ದರು. ಕೊನೆಗೆ ಲೀ ಅತ್ತರು. ಗೆದ್ದ ಹಲ್ ಸಹ ಅತ್ತರು. ಹನ್ನೆರಡು ಸಲ ಯೂರೋಪಿಗಾಗಿ ಈ ಕಪ್ ಆಡಿದ್ದ ಲಾರಾ ಡೇವಿಸ್ ದೂರದರ್ಶನದಲ್ಲಿ ಕುಳಿತು ತಮ್ಮ ಪಕ್ಷದವರನ್ನೇ ಖಂಡಿಸಿದರು.

ಆ ಚಿತ್ರವನ್ನು ನಾನು ಹಲವು ಸಲ ನೋಡಿದ್ದೇನೆ. ಮೊದಲ ಸಲ ನೋಡಿದಾಗ ಪೆಟರ್ಸನ್ ಮೇಲೆ ಸಿಟ್ಟೇ ಬಂದಿತು. ಆಮೇಲಾಮೇಲೆ ಅದು ಅಷ್ಟು ಸರಳವಲ್ಲವೆನ್ನಿಸಿತು. ಬಿಟ್ಟುಕೊಡುವುದು ದಾನ. ದಾನವನ್ನು ಕೊಟ್ಟರೆ ತೆಗೆದುಕೊಳ್ಳಬಹುದು, ಬೇಕಾದರೆ ಕೇಳಲೂಬಹುದು. ಕೊಟ್ಟಿರಬೇಕೆಂದು ಊಹಿಸಿಕೊಂಡು ಕೈಹಾಕಬಾರದು. ಲೀ ಒಂದು ಮಾತು ಕೇಳಬಹುದಾಗಿತ್ತು. ರನ್ನನ ಭೀಮ ತೊಡೆಗೆ ಹೊಡೆದಾಗ ನಿಯಮ ಮುರಿಯಿತು, ಬಲರಾಮ ಕೆರಳಿದ. ಅವನ ಕೋಪಕ್ಕೆ ಶಾಸ್ತ್ರದ ಆಧಾರವಿತ್ತು. ಇಲ್ಲಿ ಯಾವ ನಿಯಮವೂ ಮುರಿದಿರಲಿಲ್ಲ, ಎಲ್ಲ ಬಲರಾಮರೂ ಕೆರಳಿದ್ದರು.

ಹಾಗಾದರೆ ತಪ್ಪೆಲ್ಲಿ? ನನಗೆ ತೋರುವುದಿಷ್ಟು. ಹದಿನೇಳನೆಯ ಕುಳಿಯಲ್ಲಿ ಪೆಟರ್ಸನ್ ಆಡಿದ ಮಾತು ಸತ್ಯ. ಸತ್ಯ ಹೇಳಿದವರನ್ನು ದೂರುವುದು ಹೇಗೆ? ಆದರೆ ಮುಂದೆ ಹದಿನೆಂಟನೆಯ ಕುಳಿಯೊಂದು ಉಳಿದಿತ್ತು. ಒಂದು ಹೊಡೆತವನ್ನಷ್ಟೇ ಅಲ್ಲ, ಇಡೀ ಕುಳಿಯನ್ನೇ ಬಿಟ್ಟುಕೊಡುವುದಕ್ಕೂ ನಿಯಮ ಅವಕಾಶ ಕೊಟ್ಟಿದೆ. ಅದನ್ನು ಬಿಟ್ಟುಕೊಟ್ಟಿದ್ದರೆ ಪಂದ್ಯ ಸಮವಾಗಿ, ಹದಿನಾರರ ಕೊನೆಗೆ ಇದ್ದಲ್ಲಿಗೇ ಬಂದು ನಿಲ್ಲುತ್ತಿತ್ತು. ನಡೆಯುತ್ತ ಹೋಗುವಾಗ ಯೋಚಿಸಲು ಸಮಯವೂ ಇತ್ತು. ದೇಶದ ಬಾವುಟ ಹೆಗಲ ಮೇಲಿದ್ದಾಗ ಅಂಥ ಯೋಚನೆ ಹೊಳೆಯುವುದು ಕಷ್ಟವೆಂಬುದನ್ನೂ ಒಪ್ಪುತ್ತೇನೆ. ಕುರ್ಚಿಯಲ್ಲಿ ಕುಳಿತು ಬರೆಯುವವರಿಗೆ ಔದಾರ್ಯ ಸುಲಭ.

ಆ ಪಂದ್ಯ ಮುಗಿದಾಗ ಯೂರೋಪು 10–6ರಿಂದ ಮುಂದಿತ್ತು. ಮಧ್ಯಾಹ್ನದ ಒಂಟಿ ಪಂದ್ಯಗಳಿಗೆ ಜೂಲಿ ಇಂಕ್‌ಸ್ಟರ್ ನಾಯಕತ್ವದ ಅಮೆರಿಕದ ತಂಡ ಕೆಂಡವಾಗಿ ಬಂದಿತು. ಹನ್ನೆರಡರಲ್ಲಿ 8½ ಅಂಕ ಬಾಚಿಕೊಂಡು 14½–13½ರಿಂದ ಕಪ್ಪನ್ನು ಕಿತ್ತುಕೊಂಡಿತು. ಮರುದಿನ ಪೆಟರ್ಸನ್ ಬಹಿರಂಗವಾಗಿ ಕ್ಷಮೆ ಬೇಡಿದರು.

ವಿಧಿಯ ಕುಚೋದ್ಯವೊಂದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. 2021ರಲ್ಲಿ ಒಹಾಯೋದ ಟೊಲೀಡೋದಲ್ಲಿ ಅಮೆರಿಕದ ನೆಲ್ಲಿ ಕೋರ್ಡಾ ಅವರ ಚೆಂಡು ಕುಳಿಯ ತುಟಿಯವರೆಗೆ ಬಂದು ನಿಂತಿತು. ಸ್ವೀಡನ್ನಿನ ಮಡೆಲಿನ್ ಸಾಗ್‌ಸ್ಟ್ರಾಮ್, ಉಳಿದ ಹೊಡೆತ ನಿಮ್ಮದೇ ಎಂಬ ಭಾವದಿಂದ ಅದನ್ನು ಎತ್ತಿ ಕೊಟ್ಟರು. ಆದರೆ ಚೆಂಡು ಕುಳಿಯ ಮೇಲೆ ಚಾಚಿಕೊಂಡಿದ್ದರೆ, ತಾನಾಗಿ ಬೀಳಬಹುದೇ ಎಂದು ಹತ್ತು ಸೆಕೆಂಡು ಕಾಯುವ ಅವಕಾಶ ಆಡಿದವರಿಗೆ ಸಲ್ಲಬೇಕು. ಅಷ್ಟು ಕಾಯದ ಕಾರಣ, ಬೀಳದ ಚೆಂಡು ಬಿದ್ದಂತೆಯೇ ಎಂದು ತೀರ್ಪುಗಾರರು ಹೇಳಿದರು. ಯೂರೋಪು ಆ ಕುಳಿಯನ್ನೂ, ಕಡೆಗೆ ಒಂದೇ ಕುಳಿಯ ಅಂತರದಿಂದ ಆ ಪಂದ್ಯವನ್ನೂ ಕಳೆದುಕೊಂಡಿತು. ಅಲ್ಲಿ ಬಿಟ್ಟುಕೊಡದೆ ಕೆಟ್ಟರು, ಇಲ್ಲಿ ಅವಸರದಲ್ಲಿ ಬಿಟ್ಟುಕೊಟ್ಟು ಕೆಟ್ಟರು.

ಪೆಟರ್ಸನ್ ಕಥೆ 2015ಕ್ಕೆ ಮುಗಿಯಲಿಲ್ಲ. 2018ರಲ್ಲಿ ಅವರಿಗೆ ಮಗುವಾಯಿತು; ಬಹುಕಾಲ ಆಟದಿಂದ ದೂರವಿದ್ದರು. 2019ರಲ್ಲಿ ಸ್ಕಾಟ್ಲೆಂಡಿನ ಗ್ಲೆನೀಗಲ್ಸ್ ಪಂದ್ಯಕ್ಕೆ ನಾಯಕಿ ಕ್ಯಾಟ್ರಿಯೋನಾ ಮ್ಯಾಥ್ಯೂ ತಮ್ಮ ಸ್ವಂತ ಆಯ್ಕೆಯಲ್ಲಿ ಅವರನ್ನು ಸೇರಿಸಿಕೊಂಡಾಗ ಹುಬ್ಬೇರಿಸಿದವರೇ ಹೆಚ್ಚು. ಮೂರನೆಯ ದಿನದ ಸಂಜೆ, ಕೊನೆಯ ಕುಳಿ. ಮರೀನಾ ಅಲೆಕ್ಸ್ ಎದುರಾಳಿ. ಎರಡು ಖಂಡಗಳ ಲೆಕ್ಕವೆಲ್ಲ ಬಂದು ಪೆಟರ್ಸನ್‌ರ ಒಂದು ಹೊಡೆತದ ಮೇಲೆ ನಿಂತಿತು. ಚೆಂಡಿಗೂ ಕುಳಿಗೂ ಆರೇಳು ಅಡಿ. ಬಿಟ್ಟುಕೊಡುವಂಥ ದೂರವಲ್ಲ, ಯಾರೂ ಬಿಟ್ಟುಕೊಡಲಿಲ್ಲ. ಆಡಿಯೇ ತೋರಿಸಬೇಕಾಗಿತ್ತು. ಆಡಿದರು, ಬಿದ್ದಿತು, 14½–13½. ನಾಲ್ಕು ವರ್ಷದ ಹಿಂದೆ ಕಳೆದದ್ದು ಅದೇ ಅಂಕಕ್ಕೆ. ಇನ್ನು ತಾನು ಆಡುವುದಿಲ್ಲವೆಂದು ಅಲ್ಲಿಯೇ ಹೇಳಿದರು.

2023ರಲ್ಲಿ ಸ್ಪೇನಿನ ಫಿಂಕಾ ಕೊರ್ತೆಸೀನ್‌ನಲ್ಲಿ ಅವರೇ ಯೂರೋಪಿನ ನಾಯಕಿ. ಸ್ಪರ್ಧೆಯ ಚರಿತ್ರೆಯಲ್ಲಿ ಮೊದಲ ಬಾರಿಗೆ 14–14ರಲ್ಲಿ ಸಮವಾಯಿತು. ಸಮವಾದಾಗ ಕಪ್ಪು ಹಿಂದೆ ಗೆದ್ದವರಲ್ಲಿಯೇ ಉಳಿಯಬೇಕೆಂಬುದು ನಿಯಮ. ಹಿಂದೆ ಗೆದ್ದವರು ಯೂರೋಪಿನವರು; ಅದು ಪೆಟರ್ಸನ್ ಕೈಸೇರಿತು.