ಮನೆತನಗಳ ಹಾಕಿ ಹಬ್ಬ

ಕೊತ್ತತ್ತಿಯ ಸುತ್ತಿನ ಹಳ್ಳಿಗಳಲ್ಲಾಗಲಿ, ಮದ್ದೂರು ಮಳವಳ್ಳಿಗಳ ಕಡೆಯಲ್ಲಾಗಲಿ, ಚಿನ್ನಿದಾಂಡು ಆಡದೆ ಬೆಳೆದ ಹಿರಿಯರು ವಿರಳ. ಕೊಯ್ಲಾದ ಗದ್ದೆಯೇ ಮೈದಾನ, ಬೇಲಿಯಿಂದ ಕಡಿದ ಕೋಲೇ ದಾಂಡು. ಆದರೆ ಯಾವ ವರ್ಷ ಯಾವ ಊರಿನ ಹುಡುಗರು ಗೆದ್ದರೆಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಆಟ ಬಹಳ ಹಳೆಯದು. ಅದರ ಚರಿತ್ರೆ ಮಾತ್ರ ಇಲ್ಲ. ಕೋಲು ಚೆಂಡಿನ ಆಟಕ್ಕೆ ಚರಿತ್ರೆ ಹುಟ್ಟುವುದು ಹೇಗೆ ಎಂಬುದಕ್ಕೆ ನಮ್ಮ ನೆರೆಯ ಕೊಡಗಿನಲ್ಲಿಯೇ ಒಂದು ಒಳ್ಳೆಯ ನಿದರ್ಶನವಿದೆ.

ಮೊದಲು ದೂರದ ಒಂದು ಉದಾಹರಣೆಯನ್ನು ನೋಡೋಣ. ಐರ್ಲೆಂಡಿನಲ್ಲಿ ಹರ್ಲಿಂಗ್ ಎಂಬ ಆಟವಿದೆ. ಆಶ್ ಮರದ ಚಪ್ಪಟೆ ತುದಿಯ ಕೋಲು, ತೊಗಲು ಹೊದಿಸಿದ ಸಣ್ಣ ಚೆಂಡು, ಒಂದೊಂದು ಕಡೆಗೆ ಹದಿನೈದು ಮಂದಿ. ಬಹುಕಾಲ ಅದೂ ಊರೂರಿಗೊಂದು ಬಗೆಯಾಗಿ ಆಡುವ ಬಯಲಾಟವೇ ಆಗಿತ್ತು. 1884ನೆಯ ನವೆಂಬರ್ 1ರಂದು ಥರ್ಲ್ಸ್ ಎಂಬ ಪಟ್ಟಣದಲ್ಲಿ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಸ್ಥಾಪನೆಯಾಯಿತು. ಅಲ್ಲಿಂದ ಮುಂದೆ ಆಟಕ್ಕೆ ಒಂದೇ ನಿಯಮ ಬಂತು, ಜಿಲ್ಲೆಗಳ ನಡುವೆ ಸ್ಪರ್ಧೆ ಬಂತು. 1928ರಲ್ಲಿ ಹದಿನೆಂಟು ತುಂಬದ ಹುಡುಗರಿಗೆಂದೇ ರಾಷ್ಟ್ರೀಯ ಪಂದ್ಯಾವಳಿಯೊಂದು ಆರಂಭವಾಯಿತು. ಆಡುವವರಿಗೆ ಸಂಬಳವಿಲ್ಲ, ಹುಟ್ಟಿದ ನೆಲದ ಹೆಸರು ಉಳಿಸುವುದೇ ಅವರಿಗೆ ಸಂಬಳ.

ಇನ್ನು ಕೊಡಗಿಗೆ ಬರೋಣ. 1956ರ ನವೆಂಬರ್ 1ರಂದು ಅಂದಿನ ಮೈಸೂರು ರಾಜ್ಯಕ್ಕೆ ಸೇರಿದ ಈ ಪುಟ್ಟ ನಾಡಿಗೆ ಸೈನ್ಯದ ನಂಟು ಹಳೆಯದು. ಕಾರ್ಯಪ್ಪ, ತಿಮ್ಮಯ್ಯ ಇಬ್ಬರೂ ದೇಶದ ಸೇನೆಯ ಚುಕ್ಕಾಣಿ ಹಿಡಿದವರು. ಸೈನ್ಯದ ಬಿಡಾರಗಳಲ್ಲಿಯೂ ಶಾಲೆಗಳ ಬಯಲಿನಲ್ಲಿಯೂ ಬೇರೂರಿದ ಹಾಕಿ ಅಲ್ಲಿನ ಮನೆಮಾತಾಯಿತು. 1973ರ ವಿಶ್ವಕಪ್ಪಿನಲ್ಲಿ ಎಂ. ಪಿ. ಗಣೇಶ್ ಭಾರತದ ನಾಯಕರಾಗಿದ್ದರು. 1975ರಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿ ಬಿ. ಪಿ. ಗೋವಿಂದ ಇದ್ದರು. 1980ರಲ್ಲಿ ಮಾಸ್ಕೋದಿಂದ ಚಿನ್ನ ತಂದವರಲ್ಲಿ ಎಂ. ಎಂ. ಸೋಮಯ್ಯ ಒಬ್ಬರು.

ಕೊಡವರ ಸಮಾಜದ ಮೂಲಘಟಕ ಒಕ್ಕ. ಒಬ್ಬ ಮೂಲಪುರುಷನಿಂದ ಬಂದು ಒಂದೇ ಮನೆತನದ ಹೆಸರು ಹೊತ್ತವರೆಲ್ಲರೂ ಒಂದು ಒಕ್ಕದವರು. ಅವರಿಗೊಂದು ಐನ್‌ಮನೆ, ಅದಕ್ಕೊಬ್ಬ ಪಟ್ಟೇದಾರ. ಹೆಸರು ಹೇಳುವಾಗಲೂ ಮನೆತನ ಮೊದಲು, ವ್ಯಕ್ತಿ ಆಮೇಲೆ. ಆದರೆ ಇಪ್ಪತ್ತನೆಯ ಶತಮಾನ ಸಾಗಿದಂತೆ ಓದು, ಉದ್ಯೋಗ, ಸೈನ್ಯ ಎಂದು ಮಕ್ಕಳು ಚೆದುರಿದರು. ಐನ್‌ಮನೆಯ ಜಗಲಿ ಬರಿದಾಗತೊಡಗಿತು. ಒಂದೇ ಹೆಸರಿನ ಎರಡು ಕುಡಿಗಳು ಬೆಂಗಳೂರಿನಲ್ಲಿ ಎದುರುಬದುರಾದರೂ ಗುರುತು ಹತ್ತದ ಕಾಲ ಬಂತು.

ಈ ಚಿಂತೆಗೆ ಮದ್ದು ಹುಡುಕಿದವರು ಪಾಂಡಂಡ ಕುಟ್ಟಪ್ಪನವರು. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಹಾಕಿ ಬಲ್ಲವರು. ಚೆದುರಿದವರನ್ನು ಸಭೆಗೆ ಕರೆದರೆ ಬರುವವರು ಹಿರಿಯರು ಮಾತ್ರ; ಆಟಕ್ಕೆ ಕರೆದರೆ ಹುಡುಗರೂ ಬರುತ್ತಾರೆ, ಹುಡುಗರ ಹಿಂದೆ ಮನೆಯೆಲ್ಲ ಬರುತ್ತದೆ. ತಂಡ ಕಟ್ಟುವುದು ಕ್ಲಬ್ಬಿನ ಹೆಸರಿನಲ್ಲಲ್ಲ, ಊರಿನ ಹೆಸರಿನಲ್ಲಲ್ಲ, ಒಕ್ಕದ ಹೆಸರಿನಲ್ಲಿ. 1997ರ ಬೇಸಿಗೆಯಲ್ಲಿ ವಿರಾಜಪೇಟೆ ಕಡೆಯ ಕರಡ ಗ್ರಾಮದಲ್ಲಿ ಪಾಂಡಂಡ ಮನೆತನದವರೇ ಮುಂದೆ ನಿಂತು ಮೊದಲ ಪಂದ್ಯಾವಳಿ ನಡೆಸಿದರು. 60 ಮನೆತನಗಳು ಬಂದವು. ಹಬ್ಬಕ್ಕೆ ಕೊಡವ ಭಾಷೆಯಲ್ಲಿ ‘ನಮ್ಮೆ’ ಎನ್ನುತ್ತಾರೆ. ಹೀಗೆ ಹಾಕಿ ನಮ್ಮೆ ಹುಟ್ಟಿತು.

ಸೋತವರು ಹೊರಗೆ ಎಂಬ ಪದ್ಧತಿಯಲ್ಲಿ ಪ್ರತಿ ಪಂದ್ಯಕ್ಕೂ ಒಂದು ತಂಡ ಕಳೆಯುತ್ತದೆ. 60 ತಂಡಗಳಿಗೆ 59 ಪಂದ್ಯ ಸಾಕು. ಆದರೆ ಇಲ್ಲಿ ಸೋತವರು ಮನೆಗೆ ಹೋಗುವುದಿಲ್ಲ. ನೋಡುತ್ತ ಕೂರುತ್ತಾರೆ, ನೆಂಟಸ್ತಿಕೆ ಮಾತನಾಡುತ್ತಾರೆ. ತಂಡದಲ್ಲಿ ದೇಶಕ್ಕಾಡಿದ ಪಟುವಿನ ಪಕ್ಕದಲ್ಲಿ ಶಾಲೆಯ ಹುಡುಗನಿರಬಹುದು, ತಲೆ ನರೆತ ಚಿಕ್ಕಪ್ಪನಿರಬಹುದು, ಮನೆಯ ಹೆಣ್ಣುಮಗಳೂ ಇರಬಹುದು. ದೊಡ್ಡ ಆಟಗಾರನಿಂದ ಹುಡುಗ ಕಲಿಯುವ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಶಾಲೆ ಬೇಕೆ?

ಕುಟ್ಟಪ್ಪನವರ ಯೋಜನೆಯ ಜಾಣತನವಿರುವುದು ಮುಂದಿನ ಏರ್ಪಾಟಿನಲ್ಲಿ. ಹಬ್ಬ ಯಾರೊಬ್ಬರ ಸೊತ್ತೂ ಆಗಲಿಲ್ಲ. ವರ್ಷಕ್ಕೊಂದು ಮನೆತನ ಹೊಣೆ ಹೊರುತ್ತದೆ, ಆ ವರ್ಷದ ಕಪ್ಪಿಗೆ ಆ ಮನೆತನದ ಹೆಸರೇ. ಈ ವರ್ಷ ಅತಿಥಿಯಾಗಿ ಬಂದವರು ಮುಂದೊಮ್ಮೆ ಆತಿಥೇಯರಾಗುತ್ತಾರೆ. ಖರ್ಚು ಸಣ್ಣದಲ್ಲ, ಸರ್ಕಾರದ ನೆರವೂ ಬಂದದ್ದುಂಟು. ಆದರೂ ಭಾರದ ಹೆಚ್ಚಿನ ಪಾಲು ಹೊತ್ತದ್ದು ಕುಟುಂಬಗಳೇ.

ಪರೀಕ್ಷೆಯ ಕಾಲವೂ ಬಂತು. 2018ರ ಆಗಸ್ಟಿನಲ್ಲಿ ಮಳೆಗೆ ಗುಡ್ಡಗಳು ಕುಸಿದು ಕೊಡಗು ತತ್ತರಿಸಿತು. ಮನೆ ಕಳೆದುಕೊಂಡವರಿರುವಾಗ ಹಬ್ಬ ಹೇಗೆ ಮಾಡುವುದು? ಆಮೇಲೆ ಕೊರೋನಾ ಬಂತು. 2019ರಿಂದ 2022ರವರೆಗೆ ನಾಲ್ಕು ಬೇಸಿಗೆ ಹಬ್ಬವಿಲ್ಲದೆ ಕಳೆಯಿತು. ಈ ನಡುವೆ, 2020ರಲ್ಲಿ, ಕುಟ್ಟಪ್ಪನವರು ತೀರಿಕೊಂಡರು. ಹುಟ್ಟುಹಾಕಿದವರು ಹೋದ ಮೇಲೆ, ರೂಢಿ ತಪ್ಪಿದ ಮೇಲೆ, ಎಷ್ಟೋ ಒಳ್ಳೆಯ ಕೆಲಸಗಳು ಅಲ್ಲಿಗೇ ನಿಂತುಹೋಗುವುದನ್ನು ಕಂಡಿದ್ದೇವೆ.

ಇದು ನಿಲ್ಲಲಿಲ್ಲ. 2023ರಲ್ಲಿ ಅಪ್ಪಚೆಟ್ಟೋಳಂಡ ಮನೆತನದವರು ನಾಪೋಕ್ಲುವಿನಲ್ಲಿ ಮತ್ತೆ ಕರೆ ಕೊಟ್ಟಾಗ ಬಂದ ತಂಡಗಳು 336. ಮರುವರ್ಷ ಅಲ್ಲಿಯೇ ಕುಂಡ್ಯೋಳಂಡ ಮನೆತನದ ಹಬ್ಬಕ್ಕೆ 360 ಬಂದು, ಜಗತ್ತಿನ ಅತಿ ದೊಡ್ಡ ಹಾಕಿ ಪಂದ್ಯಾವಳಿಯೆಂದು ಗಿನ್ನೆಸ್ ದಾಖಲೆಗೆ ಸೇರಿತು. 2025ರಲ್ಲಿ ಮಡಿಕೇರಿಯ ಮುದ್ದಂಡ ಕಪ್ಪಿಗೆ 396 ತಂಡಗಳು ಬಂದವು.

ಅರವತ್ತು ಮುನ್ನೂರತೊಂಬತ್ತಾರು ಆದದ್ದು ಹಣದ ಬಲದಿಂದಲ್ಲ. ಆಟಕ್ಕೆ ಗೊತ್ತಾದ ಕಾಲವಿತ್ತು, ಬರೆದಿಟ್ಟ ಲೆಕ್ಕವಿತ್ತು, ವರ್ಷಕ್ಕೊಬ್ಬರು ಕರೆಯುವವರಿದ್ದರು. ಇವು ಮೂರು ಕೂಡಿದ ಕಡೆ ಆಟ ಹುಡುಗಾಟವಾಗಿ ಉಳಿಯದೆ ಚರಿತ್ರೆಯಾಗುತ್ತದೆ. ತಲಕಾವೇರಿಯಲ್ಲಿ ಹುಟ್ಟಿದ ನೀರು ಕನ್ನಂಬಾಡಿ ಕಟ್ಟೆಯಲ್ಲಿ ನಿಂತು, ನಾಲೆ ಹಿಡಿದು ಮಂಡ್ಯದ ಗದ್ದೆಗಳಿಗೆ ಬರುತ್ತದೆ. ಕೊಡಗಿನಿಂದ ನಾವು ಪಡೆಯಬಹುದಾದದ್ದು ನೀರೊಂದೇ ಅಲ್ಲ. ನಮ್ಮ ಹೋಬಳಿಗಳಲ್ಲಿಯೂ ಬೇಸಿಗೆಗೊಮ್ಮೆ ಒಂದು ಊರು ಇನ್ನೊಂದು ಊರನ್ನು ಚಿನ್ನಿದಾಂಡಿಗೋ ಕಬಡ್ಡಿಗೋ ಕರೆದು, ಗೆದ್ದವರ ಹೆಸರನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ಮೂವತ್ತು ವರ್ಷದ ನಂತರ ಆ ಪುಸ್ತಕವನ್ನು ತೆರೆದು ನೋಡುವ ಮೊಮ್ಮಕ್ಕಳು ಅದಕ್ಕೆ ಬೆಲೆ ಕಟ್ಟುತ್ತಾರೆ.